ಗಡಿಕಲ್ಲಿನ ಬಳಿ ಬೈಗುಳ

ಊರೂರು ಸುತ್ತಿ ಜನರ ರೀತಿನೀತಿಗಳನ್ನು ಅರಿಯಬೇಕೆಂದು ಹೊರಟಿದ್ದ ಚನ್ನಮಲ್ಲ ಗುರುಗಳ ಕಾಲಿಗೆರಗಿ ಕೇಳಿದ: "ಗುರುಗಳೇ, ಒಂದೂರಿನ ಜನರನ್ನು ನಾನು ನಿಜಕ್ಕೂ ಅರಿತೆ ಎಂದು ತಿಳಿಯುವುದು ಹೇಗೆ?"

ಯಾರನ್ನೂ ಎಂದೂ ಗದರಿದವರಲ್ಲ ಗುರುಗಳು. ಮೆಲ್ಲಗೆ "ಕೂತುಕೋ" ಎಂದು ಈ ಕತೆ ಹೇಳಿದರು.

ಒಬ್ಬ ವಿದ್ವಾಂಸನಿದ್ದ. ದೇಶ ಸುತ್ತು, ಕೋಶ ಓದು ಎನ್ನುತ್ತಾರಲ್ಲ, ಎರಡನ್ನೂ ಮಾಡಿದವನು. ಹೋದಲ್ಲಿ ಜನರ ಜೊತೆ ಉಂಡು, ಅವರ ಕೆಲಸಕ್ಕೆ ಕೈ ಜೋಡಿಸಿ, ಅವರ ನುಡಿ ಕಲಿಯುವುದೇ ಅವನ ಬದುಕು. ಅಂಥ ತಾಳ್ಮೆ ಎಲ್ಲರಿಗೂ ಬರುವುದಲ್ಲ. ಒಮ್ಮೆ ಅವನು ಬೆಟ್ಟದ ಊರೊಂದಕ್ಕೆ ಹೋದ. ಊರವರು ಹೂ ಕೊಟ್ಟು, ಸಿಹಿಮಾತಾಡಿ ಬರಮಾಡಿಕೊಂಡರು.

ಕೆಲವು ದಿನಗಳಲ್ಲೇ ಒಬ್ಬ ಕುರಿಗಾಹಿ ದೂರದ ಹುಲ್ಲುಗಾವಲಿಗೆ ಹೊರಟ. ಅವನ ತಾಯಿ ಊರ ಗಡಿಕಲ್ಲಿನವರೆಗೆ ಬಂದು ಬಾಯಿಗೆ ಬಂದಂತೆ ಬೈಯತೊಡಗಿದಳು. ವಿದ್ವಾಂಸನಿಗೆ ಅದು ಸರಿಕಾಣಲಿಲ್ಲ. ನಡುವೆ ನಿಂತು, "ಹೊರಟವನನ್ನು ಹೀಗೆ ಬೈಯಬೇಡ ತಾಯಿ, ನಗುನಗುತ್ತಾ ಕಳಿಸಿಕೊಡು" ಎಂದ. ಅತಿಥಿಯ ಮಾತು, ಮೀರುವಂತಿಲ್ಲ. ತಾಯಿ ಬಾಯಿ ಮುಚ್ಚಿದಳು. ಮಗ ಮುಖ ಬಾಡಿಸಿಕೊಂಡು ನಡೆದ. ತಾಯಿ ಅಲ್ಲೇ ಕುಸಿದು ಅತ್ತಳು.

ಪಕ್ಕದಲ್ಲಿದ್ದ ಹಿರಿಯನೊಬ್ಬ ಹೇಳಿದ: "ಒಳ್ಳೆ ಮಾತಾಡಿ ಕಳ್ಸೋದು ಹೊರಗಿನೋರನ್ನ, ಸ್ವಾಮಿ. ನಮ್ಮೋರನ್ನ ಬೈದು ಕಳಿಸ್ತೀವಿ. ಎದುರುತ್ತರ ಕೊಡೋಕಾದ್ರೂ ತಿರುಗಿ ಬರ್ತಾರೆ."

ತನ್ನ ತಪ್ಪು ತಿಳಿದ ಮೇಲೆ ಸುಮ್ಮನೆ ಕೂರುವ ಆಸಾಮಿಯಲ್ಲ ವಿದ್ವಾಂಸ. ಏದುಸಿರು ಬಿಡುತ್ತಾ ಓಡಿಹೋಗಿ ಮಗನನ್ನು ಕರೆತಂದ. ತಾಯಿ ಮನದಣಿಯೆ ಬೈದಳು. ಮಗ ನಗುತ್ತಾ ಹೋದ.

ವರ್ಷಗಳು ಉರುಳಿದವು. ವಿದ್ವಾಂಸ ಆ ಜನರ ಕುರಿ ಕಾದ, ಹಬ್ಬಕ್ಕೆ ಕುಣಿದ, ಹೆಣಕ್ಕೆ ಹೆಗಲು ಕೊಟ್ಟ. ಕೊನೆಗೆ ಹೊರಡುವ ದಿನ ಬಂತು. ಗಡಿಕಲ್ಲಿನತ್ತ ನಡೆಯುವಾಗ ಅವನಿಗೆ ಒಂದೇ ಯೋಚನೆ. ಊರವರು ಹೂ ಕೊಟ್ಟು ಸಿಹಿಮಾತಾಡಿದರೆ, ಇಷ್ಟು ಕಾಲವೂ ತಾನು ಹೊರಗಿನವನೇ. ಅದೇ ತಾಯಿ, ಈಗ ಮುದುಕಿ, ಕೋಲೂರಿಕೊಂಡು ಎದುರಿಗೆ ಬಂದಳು. ಕೋಲನ್ನು ಅವನತ್ತ ಚಾಚಿ ಕೂಗಿದಳು:

"ಮೈಗಳ್ಳ! ಹಟ್ಟಿ ಬೇಲಿ ಅರ್ಧಕ್ಕೇ ಬಿಟ್ಟು ಎಲ್ಲಿಗೋ ಹೊರಟೆ? ಅದನ್ನ ನಿಮ್ಮಪ್ಪ ಬಂದು ಕಟ್ತಾನಾ?"

ರಾಜಸಭೆಗಳ ಸನ್ಮಾನಕ್ಕೂ ಹಿಗ್ಗದಿದ್ದವನು ಆ ಮಾತಿಗೆ ಗಳಗಳನೆ ಅತ್ತುಬಿಟ್ಟ.

ಗುರುಗಳು ಕತೆ ಮುಗಿಸಿದರು. ಚನ್ನಮಲ್ಲ ಗಂಟು ಹೆಗಲಿಗೇರಿಸಿ, ಆಶೀರ್ವಾದಕ್ಕೆಂದು ತಲೆಬಾಗಿ ನಿಂತ.

"ಸೋಮಾರಿ, ಉಂಡ ತಟ್ಟೆ ತೊಳೆಯದೆ ಹೊರಟೆಯಾ?" ಎಂದರು ಗುರುಗಳು.

"ತಿರುಗಿ ಬಂದು ತೊಳೆಯುತ್ತೇನೆ ಗುರುಗಳೇ" ಎಂದು ಚನ್ನಮಲ್ಲ ನಗುತ್ತಾ ಹೊರಟ.