ಅಗ್ಗದ ವಿಮಾನದ ಪೊರಕೆ

"ಬುದ್ಧೀ, ನಮ್ಮ ಅಡುಗೆಮನೆಯ ಆಳುಗಳಿಗೆ ಇದು ನಮ್ಮ ಮಠ ಎಂಬ ಭಾವನೆಯೇ ಇಲ್ಲ. ಏನು ಮಾಡಿದರೆ ಬರುತ್ತದೆ?" ಎಂದು ಮರುಳಪ್ಪ ಗುರುಗಳನ್ನು ಕೇಳಿದ.

ಮರುಳಪ್ಪ ಮಠದ ದಾಸೋಹದ ಮೇಲ್ವಿಚಾರಕ. ಅಡುಗೆಯವರಿಬ್ಬರೂ ನಾಳೆಯಿಂದ ಬರುವುದಿಲ್ಲ ಎಂದು ಬೆಳಿಗ್ಗೆ ಹೇಳಿಬಿಟ್ಟಿದ್ದರು. ಅವರು ಹೋದರೆ ನಾಳೆ ಒಲೆ ಹತ್ತುವುದಿಲ್ಲ.

ಕೊನೆಯ ಪಂಕ್ತಿಯಲ್ಲಿ ಉಂಡವರು ಊಟದ ಚಾವಡಿ ಗುಡಿಸಬೇಕೆಂಬುದು ಆ ಮಠದ ಪದ್ಧತಿ. ಗುರುಗಳಿಗೂ ಅದರಿಂದ ವಿನಾಯಿತಿ ಇರಲಿಲ್ಲ. ಅಂದು ಕೊನೆಗೆ ಉಂಡವರು ಗುರುಗಳು ಮತ್ತು ಮರುಳಪ್ಪ ಇಬ್ಬರೇ. ಗುರುಗಳು ಪೊರಕೆ ತೆಗೆದುಕೊಂಡರು. ಮರುಳಪ್ಪನಿಗೆ ತನ್ನ ಚಿಂತೆಯೇ ದೊಡ್ಡದಾಗಿತ್ತು. ಬೆಂಚಿನ ಮೇಲೆ ಕೂತೇ ಇದ್ದ.

"ಒಂದು ಕತೆ ಹೇಳುತ್ತೇನೆ, ಕೇಳು. ನಡುವೆ ಬಾಯಿ ಹಾಕಬೇಡ" ಎಂದು ಗುರುಗಳು ಶುರು ಮಾಡಿದರು.

ಒಬ್ಬ ಸಾಹುಕಾರ ಅಗ್ಗದ ವಿಮಾನಗಳನ್ನು ಓಡಿಸುತ್ತಿದ್ದ. ಬಸ್ಸಿನ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಟಿಕೆಟ್ಟು. ಕುಡಿಯುವ ನೀರಿಗೆ ಮಾತ್ರ ಬೇರೆ ಕಾಸು. ಇಷ್ಟು ಅಗ್ಗಕ್ಕೆ ಕೊಟ್ಟೂ ಅವನು ಬದುಕಿದ್ದು ಒಂದೇ ಉಪಾಯದಿಂದ. ಇಳಿದ ವಿಮಾನ ಅರ್ಧ ಗಂಟೆಯೊಳಗೆ ಮತ್ತೆ ಏರಬೇಕು. ನೆಲದ ಮೇಲೆ ನಿಂತ ವಿಮಾನ ಕಟ್ಟಿಹಾಕಿ ಮೇಯಿಸುವ ಎತ್ತಿನಂತೆ, ಬರೀ ಖರ್ಚು. ಗುಡಿಸಲು ಬೇರೆ ಆಳು ಇಟ್ಟಿರಲಿಲ್ಲ. ಕಾಫಿ ಕೊಟ್ಟ ಗಗನಸಖಿಯರೇ ಸೀಟಿನ ಸಂದಿಯ ಕಡಲೆಕಾಯಿ ಸಿಪ್ಪೆ ಬಾಚಬೇಕು. ಒಂದೇ ವಿಮಾನವಿದ್ದ ಕಾಲದಲ್ಲಿ ಸಾಹುಕಾರನೂ ಅಂಗಿಯ ತೋಳು ಮಡಚಿ ಗುಡಿಸುತ್ತಿದ್ದ. ಅವನು ಬಗ್ಗಿದ್ದು ನೋಡಿ ಪೈಲಟ್ಟೂ ಬಗ್ಗುತ್ತಿದ್ದ. ನಗುನಗುತ್ತ ಕೆಲಸ ಮುಗಿಯುತ್ತಿತ್ತು.

ವಿಮಾನಗಳು ಹೆಚ್ಚಾದವು. ಸಾಹುಕಾರ ಬಗ್ಗುವುದನ್ನು ಬಿಟ್ಟ. ಕೂಡಲೇ ಪೈಲಟ್ಟಿಗೆ ಸೊಂಟನೋವು ಬಂತು, ಅಧಿಕಾರಿಗಳಿಗೆ ಮೀಟಿಂಗು ಬಂತು. ಉಳಿದವರ ಕೈಯೂ ನಿಧಾನವಾಯಿತು. ಅರ್ಧ ಗಂಟೆ ಮುಕ್ಕಾಲಾಯಿತು, ಮುಕ್ಕಾಲು ಒಂದಾಯಿತು. ಜನ ಬೈದುಕೊಂಡು ಬೇರೆಯವರ ವಿಮಾನ ಹತ್ತಿದರು. ಹೀಗೇ ಆದರೆ ಕಂಪನಿಯ ಬಾಗಿಲು ಹಾಕಬೇಕಲ್ಲಪ್ಪಾ ಎಂದು ಸಾಹುಕಾರನ ನಿದ್ದೆ ಹಾರಿಹೋಯಿತು.

ಸಲಹೆಗಾರರನ್ನು ಕರೆಸಿದ. ಕೋಟು ಹಾಕಿಕೊಂಡು ಬಂದ ಆ ಮಹಾನುಭಾವರು, ಕೆಲಸದವರಲ್ಲಿ ಉತ್ಸಾಹ ಕುಗ್ಗಿದೆ ಎಂದರು. ಅದನ್ನು ಹೇಳಲು ಕೋಟು ಬೇಕಿತ್ತೇ? ಇರಲಿ. 'ನಾವೆಲ್ಲ ಒಂದೇ ಮನೆಯವರು' ಎಂದು ಸಾಹುಕಾರ ಎಲ್ಲೆಡೆ ಬೋರ್ಡು ಹಾಕಿಸಿದ. ಬೆಳಿಗ್ಗೆ ಎಲ್ಲರೂ ಎದ್ದು ನಿಂತು ಹೇಳಲು ಹಾಡು ಬರೆಸಿದ. ಹುಟ್ಟುಹಬ್ಬಕ್ಕೆ ಕೇಕು ತರಿಸಿದ. ಅಗ್ಗದ ಕಂಪನಿಯಲ್ಲವೇ, ಆ ತಿಂಗಳಲ್ಲಿ ಹುಟ್ಟಿದವರಿಗೆಲ್ಲ ಸೇರಿ ಒಂದೇ ಕೇಕು. ವಿಮಾನ ಮಾತ್ರ ತಡವಾಗಿಯೇ ಏರುತ್ತಿತ್ತು.

ಗುರುಗಳ ಪೊರಕೆ ಬೆಂಚಿನ ಹತ್ತಿರ ಬಂತು. ಮರುಳಪ್ಪ ಎರಡೂ ಕಾಲು ಮೇಲೆತ್ತಿಕೊಂಡು, "ಆಮೇಲೆ, ಬುದ್ಧೀ?" ಎಂದ.

"ಬಾಯಿ ಹಾಕಬೇಡ ಎಂದೆನಲ್ಲ" ಎಂದು ಗುರುಗಳು ಬೆಂಚಿನ ಕೆಳಗೆ ಗುಡಿಸುತ್ತ ಮುಂದುವರಿಸಿದರು.

ಕೊನೆಗೆ ಸಾಹುಕಾರ ತಾನೇ ಒಂದು ವಿಮಾನ ಹತ್ತಿದ. ಊರು ಬಂತು, ಜನ ಇಳಿದರು, ಗಗನಸಖಿಯರು ಕೈಪೊರಕೆ ಹಿಡಿದರು. ಸಾಹುಕಾರ ಮೊದಲ ಸಾಲಿನಲ್ಲಿ ಕೂತು ಭಾಷಣ ಶುರು ಮಾಡಿದ. ಇದು ನಿಮ್ಮ ಮನೆ, ನಾನೂ ಈ ಮನೆಯವನೇ, ಮನೆ ಉಳಿಸಿಕೊಳ್ಳಿ ಎಂದ. ಹೇಳುವಾಗ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು.

ಗಗನಸಖಿಯರಲ್ಲಿ ಹಿರಿಯಳು ಗುಡಿಸುತ್ತ ಅವನ ಬಳಿ ಬಂದಳು. "ಸ್ವಲ್ಪ ಕಾಲೆತ್ತಿ, ಸಾರ್" ಎಂದಳು. ಎತ್ತಿದ. ಕಾಲು ಮೇಲಿತ್ತು, ಭಾಷಣ ನಡೆದೇ ಇತ್ತು. ಅವಳು ಅಡಿಯ ಕಸ ಬಾಚಿಕೊಂಡು, "ಕಾಫಿ ತರಲೇ, ಸಾರ್?" ಎಂದು ಕೇಳಿದಳು.

ಸಾಹುಕಾರನಿಗೆ ರೇಗಿತು. "ನಾನು ಮನೆ ಉಳಿಸುವ ಮಾತಾಡುತ್ತಿದ್ದೇನೆ, ನಿನಗೆ ಕಾಫಿಯ ಚಿಂತೆಯೇ?"

"ಬೇಜಾರು ಮಾಡಿಕೊಳ್ಳಬೇಡಿ, ಸಾರ್. ನಮ್ಮ ಮನೆಯಲ್ಲಿ ಕಸ ಗುಡಿಸುವಾಗ ಕಾಲೆತ್ತಿ ಕೂರುವವರು ನೆಂಟರು. ನೆಂಟರನ್ನು ಕಾಫಿ ಕೊಡದೆ ಕಳಿಸುವುದು ಹೇಗೆ?"

ಮರುಳಪ್ಪ ತೊಡೆ ತಟ್ಟಿಕೊಂಡು ನಕ್ಕ. "ಸರಿಯಾಗಿ ಕೊಟ್ಟಳು, ಬುದ್ಧೀ! ಅಷ್ಟು ದೊಡ್ಡ ಸಾಹುಕಾರನಿಗೆ ಇಷ್ಟು ಸಣ್ಣ ವಿಷಯ ತಿಳಿಯಬೇಡವೇ? ಆಮೇಲಾದರೂ ಎದ್ದು ಪೊರಕೆ ಹಿಡಿದನೋ ಇಲ್ಲವೋ?"

ಗುರುಗಳು ಕಸವನ್ನು ಮೊರಕ್ಕೆ ಬಳಿದುಕೊಂಡು, ಸೊಂಟ ಹಿಡಿದು ನೆಟ್ಟಗಾದರು.

"ಗುಡಿಸಿ ಆಯಿತು ಮರುಳಪ್ಪ, ಕಾಲು ಇಳಿಸು, ಕಾಫಿ ತರಲೇ?"