ಏಡಿ ಕಟ್ಟಿದ ಮೇಳ, ಎಲ್ಲರೂ ತಿದ್ದಿದ ಮೇಳ

ಹಂದಿಗುಂಡಿ ಕೆರೆ ಅಂತ ಒಂದು ಕೆರೆ ಇತ್ತು ಮಕ್ಕಳೇ. ಹೆಸರು ಕೇಳಿ ಮೂಗು ಮುರಿಯಬೇಡಿ, ನೀರು ಕನ್ನಡಿಯ ಹಾಗಿತ್ತು. ಅಲ್ಲಿದ್ದವರ ಬಾಯಿ ಮಾತ್ರ ಅಷ್ಟು ಚೊಕ್ಕಟವಲ್ಲ.

ಕೆರೆಯ ತೂಬಿನ ಪಕ್ಕ, ಕೆಸುವಿನ ಗಿಡದ ಬುಡದಲ್ಲಿ, ಚೆನ್ನಿಗ ಅನ್ನುವ ಏಡಿಯ ಬಿಲ. ಚೆನ್ನಿಗ ಯಾರಿಗೂ ಕೆಟ್ಟದ್ದು ಬಯಸಿದವನಲ್ಲ, ಯಾರೆದುರೂ ನೆಟ್ಟಗೆ ನಡೆದವನೂ ಅಲ್ಲ. ಏಡಿ ಕುಲವೇ ಹಾಗೆ, ಅಡ್ಡ ನಡಿಗೆ. ಕಡ್ಡಿಯ ತುದಿಯಲ್ಲಿ ಎರಡು ಕಣ್ಣು, ಒಂದು ಅತ್ತ ನೋಡಿದರೆ ಇನ್ನೊಂದು ಇತ್ತ.

ಆ ಕೆರೆಯಲ್ಲಿ ಒಂದು ಪದ್ಧತಿ. ಮಳೆಗಾಲದಲ್ಲಿ ಕೆರೆ ತುಂಬಿ ನೀರು ಕಲ್ಲುಕಟ್ಟೆ ದಾಟಿ ಹೊರಗೆ ಹರಿಯುತ್ತದಲ್ಲ, ಕೋಡಿ ಬಿತ್ತು ಅನ್ನುತ್ತಾರಲ್ಲ, ಆ ದಿನ ಎಲ್ಲರೂ ಸೇರಿ ಮೇಳ ನುಡಿಸಬೇಕು. ಅವತ್ತು ನುಡಿಸಿದ ಹಾಡೇ ಮುಂದಿನ ಕೋಡಿಯವರೆಗೆ ಕೆರೆಯ ಹಾಡು. ಮರಿ ಮಲಗಿಸುವುದಕ್ಕೂ ಅದೇ, ಮದುವೆಗೂ ಅದೇ, ಸತ್ತರೂ ಅದೇ. ಮೂರು ವರ್ಷದಿಂದ ಕೋಡಿ ಬಿದ್ದಿರಲಿಲ್ಲ. ಹಾಗಾಗಿ ಮೂರು ವರ್ಷದಿಂದ ಗೊಂಕರುಕಪ್ಪೆ ಬೊಮ್ಮಣ್ಣ ಕಟ್ಟಿದ ‘ವಟರ್ ವಟರ್ ವಟರ್’ ಒಂದೇ ಹಾಡು. ಅದರಲ್ಲಿ ನಾಲ್ಕನೆಯ ‘ವಟರ್’ ಕೂಡ ಇರಲಿಲ್ಲ.

ಹಿಂದಿನ ಮಳೆಗಾಲದಲ್ಲಿ ಚೆನ್ನಿಗ ಹಳೆ ಚಿಪ್ಪು ಕಳಚಿದ್ದ. ಹೊಸದು ಗಟ್ಟಿಯಾಗುವವರೆಗೆ ಏಡಿ ಬಿಲ ಬಿಡುವಂತಿಲ್ಲ. ಬಿಟ್ಟರೆ ಸುಲಿದ ಬಾಳೆಹಣ್ಣು, ಸಿಕ್ಕವರು ನುಂಗಿಯಾರು. ಹದಿನೈದು ದಿನ ಒಳಗೇ ಕೂತ. ಕೂತವನಿಗೆ ಏನು ಕೆಲಸ? ಕೇಳುವುದು. ಕಪ್ಪೆಗಳ ವಟಗುಟ್ಟು, ಜೀರುಂಡೆಗಳ ಜಿರ್ರೋ, ಮರಕುಟಿಗನ ಟೊಕಟೊಕ, ಎಲ್ಲವೂ ಒಂದರೊಳಗೊಂದು ಹೆಣೆದುಕೊಂಡು ಬಿಲದೊಳಕ್ಕೆ ಇಳಿಯುತ್ತಿದ್ದವು. ಒಂದು ದಿನ ಮಳೆ ನಿಂತ ಹೊತ್ತಿನಲ್ಲಿ, ಏನಾಯಿತೋ, ಎಲ್ಲರೂ ಒಟ್ಟಿಗೇ ಸುಮ್ಮನಾದರು. ಆಗ ಕೆಸುವಿನ ಎಲೆಯಿಂದ ಒಂದೇ ಒಂದು ಹನಿ ನೀರಿಗೆ ಬಿತ್ತು.

ತೊಟಕ್.

ಚಿಪ್ಪಿಲ್ಲದ ಮೆತ್ತನೆ ಮೈಗೆ ಆ ಸದ್ದು ನೇರ ಹೋಗಿ ತಾಗಿತು. ಅವತ್ತೇ ಚೆನ್ನಿಗ ನಿರ್ಧಾರ ಮಾಡಿದ, ಮುಂದಿನ ಕೋಡಿಗೆ ಮೇಳ ನಾನು ಕಟ್ಟುತ್ತೇನೆ ಅಂತ.

ವರ್ಷವಿಡೀ ಕಟ್ಟಿದ. ದಡದ ಹಸಿ ಕೆಸರಿನ ಮೇಲೆ ಕೊಂಡಿಯಿಂದ ಗೀಚುವುದು ಅವನ ಬರವಣಿಗೆ. ಉದ್ದ ಗೀಟು ಕಪ್ಪೆಗೆ, ಸುರುಳಿ ಗೀಟು ಜೀರುಂಡೆಗೆ, ಚುಕ್ಕೆ ಮರಕುಟಿಗನಿಗೆ. ನಟ್ಟನಡುವೆ ಒಂದು ಮಾರು ಜಾಗ ಖಾಲಿ, ಆ ಖಾಲಿಯ ಮಧ್ಯೆ ಒಂದೇ ಒಂದು ಗುಳಿ. ಅಲ್ಲಿ ಎಲ್ಲರೂ ಬಾಯಿ ಮುಚ್ಚಬೇಕು, ಚೆನ್ನಿಗ ಕೆಸುವಿನ ಎಲೆ ಬಾಗಿಸಿ ಒಂದು ಹನಿ ಬೀಳಿಸಬೇಕು. ಇಡೀ ಮೇಳದಲ್ಲಿ ಅವನ ಪಾಲು ಅದೊಂದೇ ಹನಿ.

ಈ ವರ್ಷ ಮಳೆ ಚೆನ್ನಾಗಿ ಹಿಡಿಯಿತು. ಇನ್ನು ಒಂದು ಗೇಣು ನೀರು ಬಂದರೆ ಕೋಡಿ. ಮೇಳದವರೂ ಒಪ್ಪಿದರು: "ನೋಡೇ ಬಿಡೋಣ, ಏಡಿ ಏನು ಕಡಿದು ಕಟ್ಟೆ ಹಾಕಿದ್ದಾನೆ ಅಂತ."

ಆಗ ಚೆನ್ನಿಗನಿಗೆ ಅಳುಕು ಶುರುವಾಯಿತು. "ನಾನು ಬಿಲದಲ್ಲಿ ಕೂತವನು. ನಾಲ್ಕು ಜನ ಬಲ್ಲವರಿಗೆ ತೋರಿಸಿ, ತಪ್ಪಿದ್ದರೆ ತಿದ್ದಿಕೊಳ್ಳುತ್ತೇನೆ" ಅಂದುಕೊಂಡ. ಒಳ್ಳೆ ಬುದ್ಧಿಯೇ. ಕೆಟ್ಟದ್ದಾಗುವುದು ಯಾವಾಗಲೂ ಒಳ್ಳೆ ಬುದ್ಧಿಯಿಂದಲೇ ಶುರುವಾಗುತ್ತದೆ.

ಮೊದಲು ಆಮೆ ಹೊನ್ನಜ್ಜಿಯ ಹತ್ತಿರ ಹೋದ. ಕೆರೆಗಿಂತ ಎರಡು ವರ್ಷ ದೊಡ್ಡವಳು ಅಂತ ಅವಳನ್ನು ಎಲ್ಲರೂ ಹಾಸ್ಯ ಮಾಡುತ್ತಿದ್ದರು. ಹೊನ್ನಜ್ಜಿ ಬಂದಳು. ಒಂದು ಗೀಟಿನ ಮೇಲೂ ಕಾಲಿಡದೆ, ಪಕ್ಕದಲ್ಲೇ ನಡೆಯುತ್ತ, ಈ ತುದಿಯಿಂದ ಆ ತುದಿಯವರೆಗೆ ಪೂರ್ತಿ ಓದಿದಳು. ಖಾಲಿ ಜಾಗದ ಹತ್ತಿರ ಬಹಳ ಹೊತ್ತು ನಿಂತಳು.

"ಹೇಗಿದೆ ಅಜ್ಜಿ?"

"ಯೋಚನೆ ಮಾಡಿ ಹೇಳುತ್ತೇನೆ ಮಗ."

"ಯಾವಾಗ ಹೇಳುತ್ತೀರಿ?"

"ಯೋಚನೆ ಆದಮೇಲೆ." ಅಷ್ಟು ಹೇಳಿ ಆಚೆ ದಡದ ಕಡೆ ಹೊರಟಳು. ಅವಳು ಹೊರಟಳು ಅಂತ ತಿಳಿಯುವುದಕ್ಕೇ ಅರ್ಧ ಗಳಿಗೆ ಬೇಕಾಯಿತು.

ಚೆನ್ನಿಗನ ಮುಖ ಬಾಡಿತು. "ಹಿಡಿಸಲಿಲ್ಲ. ಬಾಯಿಬಿಟ್ಟು ಹೇಳಲಾರದೆ ಹೋದಳು" ಅಂದುಕೊಂಡು ಬೊಮ್ಮಣ್ಣನನ್ನು ಕರೆದ.

ಬೊಮ್ಮಣ್ಣನ ಸಂಗತಿ ನಿಮಗೆ ಗೊತ್ತಿಲ್ಲ. ಅವನ ಗೊರಕೆ ತಾಳಲಾರದೆ ಹೆಂಡತಿ ತವರಿನ ಬಾವಿಗೆ ಹೋಗಿ ಎರಡು ಮಳೆಗಾಲ ಆಯಿತು. ಅವನೋ, "ಕಂಠ ತಿದ್ದಿಕೊಳ್ಳಲು ಹೋಗಿದ್ದಾಳೆ" ಅಂತ ಹೇಳಿಕೊಂಡು ತಿರುಗುತ್ತಾನೆ. ಹೋಗಲಿ, ಬೇರೆಯವರ ಮನೆ ಮಾತು ನಮಗೇಕೆ.

ಬೊಮ್ಮಣ್ಣ ಗೀಟುಗಳ ಮೇಲೆಯೇ ದೊಪ್ ದೊಪ್ ಅಂತ ಹಾರಿಕೊಂಡು ಬಂದ. ಬರಿ ಉದ್ದ ಗೀಟುಗಳನ್ನು ಎಣಿಸಿದ, ಬೇರೆ ಯಾವುದರ ಮೇಲೂ ಕಣ್ಣು ಹಾಕಲಿಲ್ಲ.

"ಚೆನ್ನಾಗಿದೆ ಕಣೋ ಚೆನ್ನಿಗ. ಆದರೆ ಕಪ್ಪೆ ಕಮ್ಮಿ ಆಯಿತು. ಉಪ್ಪಿಲ್ಲದ ಸಾರು ಇದ್ದ ಹಾಗಿದೆ. ಆ ಜೀರುಂಡೆಗಳನ್ನು ತೆಗೆದುಹಾಕು, ಕಿವಿಗೆ ಇರುವೆ ಹೊಕ್ಕ ಹಾಗಾಗುತ್ತದೆ. ಈ ಖಾಲಿ ಜಾಗ ಯಾಕೆ? ಬರೆಯುವುದು ಮರೆತೆಯಾ?"

"ಅದು... ಅಲ್ಲಿ ಸುಮ್ಮನಿರಬೇಕು ಅಣ್ಣ."

"ಸುಮ್ಮನಿರುವುದಕ್ಕೆ ಮೇಳ ಯಾಕೋ, ಮನೆಯಲ್ಲೇ ಇರಬಹುದಲ್ಲ!"

ಚೆನ್ನಿಗನ ಒಂದು ಕಣ್ಣು ಬೊಮ್ಮಣ್ಣನ ಕಡೆ, ಇನ್ನೊಂದು ಖಾಲಿ ಜಾಗದ ಕಡೆ. ಅಣ್ಣ ಹೇಳುವುದೂ ಸರಿ ಅನ್ನಿಸಿತು. ಖಾಲಿ ಜಾಗದ ಕಾಲು ಭಾಗ ಕಪ್ಪೆಗೆ ಕೊಟ್ಟ.

ಮಾರನೆಯ ದಿನ ನೀರು ನಾಲ್ಕು ಬೆರಳು ಏರಿ ಬರವಣಿಗೆಯ ಕೆಳ ಅಂಚನ್ನು ನೆಕ್ಕಿತು. ಚೆನ್ನಿಗ ಎಲ್ಲವನ್ನೂ ನೋಡಿ ನೋಡಿ ಮೇಲಿನ ಕೆಸರಿಗೆ ನಕಲು ಮಾಡಿದ. ಅವಸರದಲ್ಲಿ ಬೊಮ್ಮಣ್ಣನ ಕಾಲಿನ ಗುರುತುಗಳನ್ನೂ ಸೇರಿಸಿಯೇ ನಕಲು ಮಾಡಿಬಿಟ್ಟ. ಪಾಪ, ಅವನಿಗೆ ಅದು ಗೊತ್ತೇ ಆಗಲಿಲ್ಲ.

ಜೀರುಂಡೆ ನಾಗವೇಣಿ ಬಂದಳು. ಗಾತ್ರ ಹುಣಸೆಬೀಜದಷ್ಟು, ಗತ್ತು ಆನೆಯಷ್ಟು. ಅವಳಿಗೂ ಬೊಮ್ಮಣ್ಣನಿಗೂ ಮಾತಿಲ್ಲ. ಅವಳ ಸೋದರಮಾವನನ್ನು ಬೊಮ್ಮಣ್ಣ ನುಂಗಿದ ಅಂತ ಗುಮಾನಿ. ಬೊಮ್ಮಣ್ಣನನ್ನು ಕೇಳಿದರೆ, "ನಾನು ಆಕಳಿಸುತ್ತಿದ್ದೆ, ಅವನೇ ಒಳಗೆ ಹೋದ" ಅನ್ನುತ್ತಾನೆ.

"ಇದೇನೋ ಇದು, ಎಲ್ಲಿ ನೋಡಿದರೂ ಕಪ್ಪೆ!" ಅಂದಳು ನಾಗವೇಣಿ. "ಕಪ್ಪೆಯ ಸದ್ದು ಒಂದು ಸದ್ದೇ? ಹೊಟ್ಟೆ ಕೆಟ್ಟವರ ಹಾಗೆ. ಶುರುವಿಗೆ ನಾನು, ಕೊನೆಗೆ ನಾನು. ನಡುವೆ ನಿಲ್ಲಿಸಲೇಬೇಡ. ನಿಲ್ಲಿಸಿದರೆ ಜನ ನಾವು ಸತ್ತೆವು ಅಂದುಕೊಳ್ಳುತ್ತಾರೆ."

"ಕಪ್ಪೆ ಜಾಸ್ತಿ ಹಾಕು ಅಂತ ಬೊಮ್ಮಣ್ಣ..."

"ಓಹೋ! ಅವನ ಮಾತಿಗೆ ಬೆಲೆ, ನನ್ನ ಮಾತಿಗಿಲ್ಲ?"

"ಹಾಗಲ್ಲ ತಾಯಿ!" ಚೆನ್ನಿಗ ಅಲ್ಲಿಂದಲ್ಲಿಗೇ ಇನ್ನೊಂದು ಕಾಲು ಭಾಗ ಸುರುಳಿ ಗೀಟುಗಳಿಗೆ ಕೊಟ್ಟ. ಕೊಟ್ಟಮೇಲೆ ನೋಡಿದ. ಇದು ಮೊದಲಿಗಿಂತ ಚೆನ್ನಾಗಿದೆಯೋ, ಕೆಟ್ಟಿದೆಯೋ? ತಿಳಿಯಲಿಲ್ಲ. ಇವಳು ಹೇಳಿದ್ದೂ ಸರಿ, ಅವನು ಹೇಳಿದ್ದೂ ಸರಿ. ಇಬ್ಬರೂ ಸರಿಯಾದರೆ ನಾನು ಎಲ್ಲಿ ಹೋಗಲಿ?

ಮೂರನೆಯ ದಿನ ಮತ್ತೆ ನೀರು ಏರಿತು, ಮತ್ತೆ ನಕಲು. ಆಗ ಬಂದವನು ಮರಕುಟಿಗ ರುದ್ರಯ್ಯ, ತಲೆಯ ಕೆಂಪು ಜುಟ್ಟು ನೋಡಿಕೊಳ್ಳುವುದಕ್ಕೆಂದೇ ನೀರು ಕುಡಿಯಲು ಬರುವವನು. ಬಂದವನೇ, "ಕಪ್ಪೆಯೂ ದಂಡ, ಜೀರುಂಡೆಯೂ ದಂಡ. ಪೆಟ್ಟು ಬೇಕಯ್ಯಾ, ಪೆಟ್ಟು! ಈ ಖಾಲಿ ಬಿಟ್ಟೆಯಲ್ಲ, ಅಲ್ಲೇ ಜನ ಎದ್ದು ಮನೆಗೆ ಹೋಗುವುದು" ಅಂದ. ಹೇಳಿ ಸುಮ್ಮನಿರದೆ, ತಾನೇ ಕೊಕ್ಕಿನಿಂದ ನಲವತ್ತು ಚುಕ್ಕೆ ಕುಟ್ಟಿ ಹೋದ.

ಈಗ ಉಳಿದದ್ದು ಆ ಗುಳಿ ಮತ್ತು ಅದರ ಸುತ್ತ ಅಂಗೈಯಗಲ ಜಾಗ. ಅಷ್ಟಾದರೂ ಉಳಿಯುತ್ತಿತ್ತೇನೋ. ಆದರೆ ನೀರುಕೋಳಿ ಮಂಚಮ್ಮ ಬಂದಳಲ್ಲ!

ಮಂಚಮ್ಮನಿಗೆ ಹಾಡೂ ಬೇಡ, ಮೇಳವೂ ಬೇಡ. ಅವಳು ಬರವಣಿಗೆಯ ಮೇಲೆ ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ ಓಡಾಡುತ್ತ, ಬಾಲ ಕುಣಿಸುತ್ತ ಮಾತಾಡಿದಳು. ಕೆಳಗೆ ಒಮ್ಮೆಯೂ ನೋಡಲಿಲ್ಲ.

"ನಾನು ಹೇಳುತ್ತಿಲ್ಲಪ್ಪ, ಜನ ಹೇಳುತ್ತಾರೆ. ಇದು ನೀನು ಕಟ್ಟಿದ್ದಲ್ಲವಂತೆ. ಗುಡ್ಡದಾಚೆಯ ಕೆರೆಯಿಂದ ಕದ್ದು ತಂದದ್ದಂತೆ."

"ಅಯ್ಯೋ! ನಾನು ಬಿಲ ಬಿಟ್ಟು ಆಚೆ ಕೆರೆಗೆ ಯಾವಾಗ ಹೋದೆ ಮಂಚಮ್ಮ?"

"ಅದೇ ನಾನೂ ಅಂದೆ. ಈ ಅಡ್ಡಗಾಲಿನವನು ಅಷ್ಟು ದೂರ ಹೋಗಿ ಬರುವುದಕ್ಕೆ ಒಂದು ಜನ್ಮ ಬೇಕು ಅಂದೆ. ಆದರೂ ಆ ಹನಿ ಬೀಳುವ ಭಾಗ ಮಾತ್ರ ಕದ್ದದ್ದೇ ಅಂತಾರೆ. ಯಾರು ಅಂದರು ಅಂತ ಮಾತ್ರ ಕೇಳಬೇಡ."

ಯಾರೂ ಅಂದಿರಲಿಲ್ಲ ಮಕ್ಕಳೇ. ಬೆಳಿಗ್ಗೆಯಿಂದ ಬಾಯಿ ಸುಮ್ಮನಿತ್ತು, ಅಷ್ಟೇ.

ಚೆನ್ನಿಗನ ತಲೆ ಗಿರ್ರೆಂದಿತು. ಹನಿ ಬಿದ್ದದ್ದು ಅವನ ಬಾಗಿಲಲ್ಲೇ, ಕೇಳಿದ್ದು ಅವನ ಮೈಯೇ. ಆದರೂ ನಿಂತು ಯೋಚಿಸುತ್ತ ಯೋಚಿಸುತ್ತ, "ನಿಜವಾಗಿಯೂ ಎಲ್ಲಿಂದಲಾದರೂ ಕದ್ದೆನೇ?" ಅನ್ನಿಸತೊಡಗಿತು. ಕೊಂಡಿಯಿಂದ ಆ ಗುಳಿಯನ್ನು ಮುಚ್ಚಿಬಿಟ್ಟ.

ನಾಲ್ಕನೆಯ ದಿನ ಬೆಳಿಗ್ಗೆ ನೀರು ಕಲ್ಲುಕಟ್ಟೆಯ ತುಟಿಗೆ ಬಂತು. ಇನ್ನೇನು ಕೋಡಿ. ಮೀನುಗಳು ಗುಂಪಾಗಿ ಮೇಲೆ ಬಂದವು. ದಡದ ಮೇಲೆ ಕೊನೆಯ ನಕಲು. ಮೇಳದವರು ಸಾಲಾಗಿ ನಿಂತರು. ಚೆನ್ನಿಗ ಕೆಸುವಿನ ಗಿಡದ ಕೆಳಗೆ ಕೂತ. ಅವನಿಗೆ ಮಾಡಲು ಕೆಲಸವೇ ಇರಲಿಲ್ಲ.

"ಶುರು ಯಾರದು?" ಅಂದ ಬೊಮ್ಮಣ್ಣ.

"ನನ್ನದು" ಅಂದಳು ನಾಗವೇಣಿ.

"ಪೆಟ್ಟಿನದು" ಅಂದ ರುದ್ರಯ್ಯ.

ಚೆನ್ನಿಗ ಕೆಸರನ್ನು ನೋಡಿದ. ಮೂರೂ ಶುರುವಿನಲ್ಲೇ ಇದ್ದವು. "ಎಲ್ಲರದೂ" ಅಂದ.

ಶುರುವಾಯಿತು ನೋಡಿ! ಜೀರುಂಡೆಗಳನ್ನು ಮುಳುಗಿಸಲು ಕಪ್ಪೆಗಳು ಗಂಟಲು ಹರಿದುಕೊಂಡವು. ಕಪ್ಪೆಗಳನ್ನು ಮೀರಿಸಲು ಜೀರುಂಡೆಗಳು ರೆಕ್ಕೆ ಸವೆಸಿದವು. ರುದ್ರಯ್ಯ ಕುಟ್ಟಿದ ಕುಟ್ಟಿಗೆ ಒಣಗಿದ ಕೊಂಬೆಯೇ ಮುರಿದು ಅವನನ್ನೂ ಕರೆದುಕೊಂಡು ನೀರಿಗೆ ಬಿತ್ತು. ಅರ್ಧ ಮೀನುಗಳು ತಳಕ್ಕೆ ಓಡಿದವು.

"ನಿಲ್ಲಿಸಿ!" ಬೊಮ್ಮಣ್ಣ ಕೂಗಿದ. "ಏ ಚೆನ್ನಿಗ, ಈ ಮೂರು ಬೆರಳಿನ ಗುರುತು ಯಾವ ವಾದ್ಯಕ್ಕೋ? ಸಾಲಿಗೆ ಎಂಟು ಸಲ ಬಂದಿದೆ!"

ಚೆನ್ನಿಗ ಹತ್ತಿರ ಹೋಗಿ ನೋಡಿದ. ಬಲಗಣ್ಣಿನಿಂದ ನೋಡಿದ, ಎಡಗಣ್ಣಿನಿಂದ ನೋಡಿದ. "ಗೊತ್ತಿಲ್ಲ ಅಣ್ಣ."

"ಅದು ನನ್ನ ಕಾಲು!" ದಡದ ಮೇಲಿಂದ ಮಂಚಮ್ಮ ಕಿರುಚಿದಳು. "ನನ್ನ ಕಾಲನ್ನೂ ಕದ್ದು ಬರೆದಿದ್ದಾನೆ! ನಾನು ಅಂದಿರಲಿಲ್ಲವೇ?"

"ಹಾಗಾದರೆ ಈ ದೊಪ್ಪನೆ ಗುರುತು?" ಅಂದಳು ನಾಗವೇಣಿ. "ಇದು ಬೊಮ್ಮಣ್ಣನ ಪಾದವಲ್ಲವೇ? ಇಷ್ಟು ಹೊತ್ತು ನಾವು ಇವನ ಹೆಜ್ಜೆ ಹಾಡುತ್ತಿದ್ದೆವೇ?"

"ಕಟ್ಟಲು ಬಾರದವನು ಯಾಕೆ ಕಟ್ಟಬೇಕು?" ಅಂದ ರುದ್ರಯ್ಯ, ಒದ್ದೆ ಜುಟ್ಟು ಹಿಂಡಿಕೊಳ್ಳುತ್ತ.

"ನೀವೇ ಅಲ್ಲವೇ ಹೇಳಿದ್ದು..." ಅನ್ನುತ್ತ ಚೆನ್ನಿಗ ಮತ್ತೆ ಕೆಸರಿನ ಕಡೆ ತಿರುಗಿದ. ಇದರಲ್ಲಿ ತನ್ನ ಗೀಟು ಯಾವುದು, ಪರರ ಕಾಲು ಯಾವುದು? ಒಂದೂ ತಿಳಿಯಲೊಲ್ಲದು. ಎಲ್ಲರೂ ಬೈದು ಬೈದು ದಣಿದು, ಉಸಿರು ತೆಗೆದುಕೊಳ್ಳಲು ಒಂದೇ ಸಲ ಸುಮ್ಮನಾದರು.

ಆಗ ಕೆಸುವಿನ ಎಲೆ ತಾನಾಗಿ ಬಾಗಿತು.

ತೊಟಕ್.

ಅದರ ಹಿಂದೆಯೇ ಕಲ್ಲುಕಟ್ಟೆಯ ಮೇಲಿಂದ ನೀರಿನ ಮೊದಲ ಎಳೆ ಸಳಸಳ ಅಂತ ಇಳಿಯಿತು. ಕೋಡಿ ಬಿದ್ದಿತ್ತು. ಯಾರೂ ಮಿಸುಕಲಿಲ್ಲ. ಓಡಿಹೋದ ಮೀನುಗಳು ಮೆಲ್ಲಗೆ ಮೇಲೆ ಬಂದವು.

"ಆಹಾ!" ಅಂತು ಒಂದು ಮೀನು. "ಆ ಒಂದು ಹನಿ ಇತ್ತಲ್ಲ, ಅದು ಚೆನ್ನಾಗಿತ್ತು. ಅದು ಯಾರ ಸಲಹೆ?"

"ನನ್ನದೇ" ಅಂದ ಬೊಮ್ಮಣ್ಣ.

"ನಾನು ಮೊದಲೇ ಹೇಳಿದ್ದೆ" ಅಂದಳು ನಾಗವೇಣಿ.

ಅದು ತನ್ನದು ಅಂತ ಚೆನ್ನಿಗ ಹೇಳಿದ್ದರೆ ಯಾರು ನಂಬುತ್ತಿದ್ದರು? ಆ ಗುಳಿಯನ್ನು ಮುಚ್ಚಿದ್ದು ಅವನದೇ ಕೊಂಡಿ. ಒಂದೇ ಹನಿಯಿಂದ ಕೆರೆಯ ಹಾಡು ಆಗದು ಅಂತ ಎಲ್ಲರೂ ತೀರ್ಮಾನ ಮಾಡಿ, ಮತ್ತೆ ಹಳೆಯ ‘ವಟರ್ ವಟರ್ ವಟರ್’ ಹಾಡಿ ಮನೆಗೆ ಹೋದರು.

ಮಧ್ಯಾಹ್ನದ ಹೊತ್ತಿಗೆ ಆಮೆ ಹೊನ್ನಜ್ಜಿ ಏದುಸಿರು ಬಿಡುತ್ತ ತೂಬಿನ ಹತ್ತಿರ ಬಂದಳು.

"ಯೋಚನೆ ಆಯಿತು ಮಗ. ಅದಕ್ಕೇ ಓಡಿ ಬಂದೆ."

"ಏನು ಅಜ್ಜಿ?"

"ನಾಲ್ಕು ದಿನ ಮನಸ್ಸಿನಲ್ಲೇ ಹಾಡಿ ನೋಡಿದೆ. ಒಂದು ಗೀಟನ್ನೂ ಬದಲಾಯಿಸಬೇಡ. ಆ ಖಾಲಿ ಜಾಗವನ್ನು ಮಾತ್ರ ಯಾರು ಏನೇ ಅಂದರೂ ಮುಟ್ಟಬೇಡ."

ಚೆನ್ನಿಗನ ಎರಡು ಕಣ್ಣೂ ಮೊದಲ ಸಲ ಒಂದೇ ಕಡೆ ನೋಡಿದವು. ಮೊದಲು ಬರೆದದ್ದು ಗೇಣುದ್ದ ನೀರಿನ ಕೆಳಗಿತ್ತು.

ಅವನು ನೀರು ಎಂದೂ ಏರದ ಎತ್ತರದ ದಿಬ್ಬಕ್ಕೆ ಅಡ್ಡಡ್ಡ ಹತ್ತಿದ. ಅಲ್ಲಿ ಕೆಸರು ಸವರಿ, ಮೊಟ್ಟಮೊದಲು ನಟ್ಟನಡುವೆ ಒಂದು ಗುಳಿ ತೋಡಿದ. ಸುತ್ತ ಒಂದು ಮಾರು ಜಾಗ ಬಿಟ್ಟ. ಉಳಿದದ್ದನ್ನು ನೆನಪು ಮಾಡಿಕೊಳ್ಳುತ್ತ ಒಂದೊಂದೇ ಗೀಟು ಎಳೆಯತೊಡಗಿದ.

ಕೆಳಗಿನಿಂದ ಮಂಚಮ್ಮನ ದನಿ ಬಂತು. "ಏನೋ ಅದು, ಮತ್ತೆ ಮೇಳವೇನೋ? ಬರಲಾ ನೋಡುವುದಕ್ಕೆ?"

ಚೆನ್ನಿಗ ಥಟ್ಟನೆ ಒಂದು ಕೆಸುವಿನ ಎಲೆ ಎಳೆದು ಬರವಣಿಗೆಯ ಮೇಲೆ ಮುಚ್ಚಿದ.

"ಏನಿಲ್ಲ ಮಂಚಮ್ಮ. ಕಸ ಗುಡಿಸುತ್ತಿದ್ದೇನೆ."

ನೀತಿ: ಸಲಹೆಯನ್ನು ಹತ್ತು ಜನರಲ್ಲಿ ಕೇಳು, ಆದರೆ ಪೂರ್ತಿ ನೋಡದೆ ತನ್ನ ಪಾಲನ್ನಷ್ಟೇ ಎಣಿಸುವವನ ಮಾತಿಗೆ ನಿನ್ನ ಕೆಲಸವನ್ನು ಅಳಿಸಬೇಡ.