ಬೆಳ್ಳಕ್ಕನ ಬಿದಿರು ಬಾಗಿಲು

ಬಿದಿರು ದಟ್ಟವಾಗಿದ್ದ ಒಂದು ಕಾಡಿನಲ್ಲಿ ಬೆಳ್ಳಕ್ಕ ಎಂಬ ಮೊಲ ಇದ್ದಳು. ಅವಳಿಗೆ ಇನ್ನೂ ಕಣ್ಣು ಬಿಡದ ಮೂರು ಮರಿಗಳು. ಮೇಯಲು ಹೋಗದಿದ್ದರೆ ಹಾಲು ಬತ್ತುತ್ತದೆ, ಹೋದರೆ ಮರಿಗಳನ್ನು ಕಾಯುವವರಿಲ್ಲ. ಹೋದ ವಾರವಷ್ಟೇ ಪಕ್ಕದ ಇಲಿಯಮ್ಮನ ಮರಿಗಳು, ಬಾಗಿಲು ಹಾಕಿದ್ದ ಹಾಗೇ, ಕಾಣೆಯಾಗಿದ್ದವು. ಅದನ್ನು ನೆನೆದು ಬೆಳ್ಳಕ್ಕ ಬಿಲ ಬಿಟ್ಟು ಕದಲುತ್ತಿರಲಿಲ್ಲ.

ಹಲ್ಲಿನಿಂದ ಬಿದಿರು ಕಡಿದು ಬಾಗಿಲು ಕಟ್ಟುವವನು ಆ ಕಾಡಿಗೆಲ್ಲ ಒಬ್ಬನೇ, ಕೆಂಚಣ್ಣ ನರಿ. ವಿಧಿಯಿಲ್ಲದೆ ಅವನನ್ನೇ ಕರೆದದ್ದಾಯಿತು. ಬಿಲದ ಬಾಯಿ ಕಲ್ಲುಗಳ ನಡುವೆ ಚೌಕವಾಗಿತ್ತು. ಅವನು ನಾಲ್ಕು ಬಿದಿರುಕಡ್ಡಿ ಕಟ್ಟಿ, ನಡುವೆ ಬಳ್ಳಿ ಹೆಣೆದು, ಬಾಗಿಲನ್ನು ತಂದು ಆನಿಸಿದ.

"ಅಳೆದುಕೊಳ್ಳಮ್ಮ ಬೆಳ್ಳಕ್ಕ. ಆಮೇಲೆ ನನ್ನ ಮೇಲೆ ದೂರು ಹೇಳಬೇಡ."

ಆ ಕಾಡಿನ ವಾಡಿಕೆಯೇ ಹಾಗೆ. ಬಳ್ಳಿ ಹಿಡಿದು ನಾಲ್ಕೂ ಬದಿ ಅಳೆಯುವುದು; ಸಮ ಬಂದರೆ ಅದು ಚೌಕ, ಮತ್ತೆ ಯಾರೂ ತಕರಾರು ಎತ್ತುವಂತಿಲ್ಲ. ಬೆಳ್ಳಕ್ಕ ಅಳೆದಳು. ನಾಲ್ಕೂ ಸಮ!

"ಆದರೂ ಕೆಂಚಣ್ಣ, ಯಾಕೋ ಒಂದು ಕಡೆಗೆ ವಾಲಿದ ಹಾಗಿದೆಯಲ್ಲ?"

"ಅಯ್ಯೋ, ನಿದ್ದೆಗೆಟ್ಟ ಬಾಣಂತಿ ನೀನು! ನಿನಗೆ ಲೋಕವೇ ವಾಲಿದ ಹಾಗೆ ಕಾಣುತ್ತೆ. ನಾಳೆ ನಿಶ್ಚಿಂತೆಯಿಂದ ಮೇಯಲು ಹೋಗು." ನರಿ ಬಾಯಿ ಚಪ್ಪರಿಸುತ್ತಾ ಹೊರಟ.

ಬೆಳಗಾಯಿತು. ಹೊರಡೋಣವೆಂದರೆ ಬೆಳ್ಳಕ್ಕನಿಗೆ ಹೆಜ್ಜೆಯೇ ಏಳಲಿಲ್ಲ. ಒಳಗೆ ಹೋಗಿ ನೋಡಿದಳು. ಬಾಗಿಲಿನ ಮೇಲ್ಮೂಲೆಯ ಸಂದಿನಿಂದ ಬಿಸಿಲು ನುಗ್ಗಿ ಕಿರಿಯ ಮರಿಯ ಬೆನ್ನ ಮೇಲೆ ಬಿದ್ದಿತ್ತು. ಬಿಸಿಲು ಬರುವ ಕಡೆ ನರಿಯ ಮೂತಿ ಬರದೇ ಇದ್ದೀತೇ?

ಬಳ್ಳಿಯನ್ನು ಒಂದು ಮೂಲೆಯಿಂದ ಎದುರು ಮೂಲೆಗೆ ಹಿಡಿದಳು. ಉದ್ದ. ಉಳಿದೆರಡು ಮೂಲೆಗೆ ಹಿಡಿದಳು. ಗಿಡ್ಡ! ಎದುರುಬದುರು ಮೂಲೆಗಳನ್ನು ಸೇರಿಸುವ ಈ ಗೆರೆಗೇ ಕರ್ಣ ಅನ್ನುವುದು, ಮಕ್ಕಳೇ. ಚೌಕದಲ್ಲಿ ಎರಡು ಕರ್ಣವೂ ಸಮವಿರಬೇಕು. ಕೆಂಚಣ್ಣ ಕಟ್ಟಿಕೊಟ್ಟದ್ದು ಚೌಕವಲ್ಲ, ಓರೆಯಾಗಿ ನಿಂತ ವಜ್ರಾಕೃತಿ.

"ಹಾಳಾದವನೇ!" ಅವಳು ಉದ್ದ ಕರ್ಣದ ಮೂಲೆಗಳನ್ನು ಒತ್ತಿದಳು. ಚೌಕಟ್ಟು ಕಿರ್ರೆಂದು ನೆಟ್ಟಗಾಯಿತು. ಅಳೆದರೆ ಎರಡೂ ಕರ್ಣ ಸಮ. ಮತ್ತೆ ವಾಲದಂತೆ ಒಳಬದಿಗೆ, ಮೂಲೆಯಿಂದ ಮೂಲೆಗೆ, ದಪ್ಪ ಬಿದಿರೊಂದನ್ನು ಬಿಗಿದಳು. ಸಂದಿಲ್ಲದಂತೆ ಬಾಗಿಲು ಹಾಕಿ, ಪೊದೆಯ ಹಿಂದೆ ಉಸಿರು ಬಿಗಿಹಿಡಿದು ಕುಳಿತಳು.

ಬಿಸಿಲೇರುತ್ತಲೇ ನರಿ ಬಂದ. ತಾನೇ ಬಿಟ್ಟ ಸಂದು ಎಲ್ಲಿದೆಯೆಂದು ಅವನಿಗೆ ಗೊತ್ತಿಲ್ಲವೇ! ನೋಡುವ ಗೋಜಿಗೂ ಹೋಗದೆ ಹಾರಿ ಮೂತಿ ತೂರಿಸಹೋದ. ಫಟಾರ್! ಬಿದಿರಿಗೆ ಬಡಿದು ಮುಂದಿನ ಹಲ್ಲುಗಳೆಲ್ಲ ಅಲ್ಲೇ ಉದುರಿದವು. ಬೊಬ್ಬೆ ಕೇಳಿ ಕಾಡಿಗೆ ಕಾಡೇ ಸೇರಿತು.

"ನಾನು ಅಳೆಸಿಯೇ ಕೊಟ್ಟಿದ್ದೆ!" ಎಂದು ನರಿ ತೊದಲಿದ.

"ಬದಿ ಅಳೆಸಿದೆ. ಕರ್ಣದ ಮಾತೇ ಎತ್ತಲಿಲ್ಲ" ಎಂದಳು ಬೆಳ್ಳಕ್ಕ.

ಬಿದಿರು ಕಡಿಯುವ ಹಲ್ಲೇ ಹೋದ ಮೇಲೆ ಅವನಿಗೆ ಕೆಲಸವೆಲ್ಲಿ? ಬಾಲ ಮುದುರಿಕೊಂಡು ಕಾಡು ಬಿಟ್ಟ.

ಇಲಿಯಮ್ಮ ಆ ಬಳ್ಳಿಯನ್ನು ಕೇಳಿ ತೆಗೆದುಕೊಂಡು ಹೋಗಿ, ಕೆಂಚಣ್ಣನೇ ಕಟ್ಟಿಕೊಟ್ಟಿದ್ದ ತನ್ನ ಬಾಗಿಲಿಗೆ ಹಿಡಿದಳು. ಒಂದು ಕರ್ಣ ಉದ್ದ, ಒಂದು ಗಿಡ್ಡ. ಬಾಗಿಲ ಮುಂದೆಯೇ ಕುಸಿದು ಕುಳಿತು ಅತ್ತಳು.

ನೀತಿ: ನಾಲ್ಕು ಬದಿ ಸಮವಿದ್ದ ಮಾತ್ರಕ್ಕೆ ಚೌಕವಾಗುವುದಿಲ್ಲ, ಮನಸ್ಸು ಅಳುಕಿದರೆ ವಾಡಿಕೆಗೆ ಸುಮ್ಮನಾಗದೆ ಕರ್ಣವನ್ನೂ ಅಳೆದು ನೋಡಬೇಕು.